ಬಹುಸಂಸ್ಕೃತಿಯ ಮಕ್ಕಳ ಕಥಾಸಾಹಿತ್ಯ

ಬೇರೆ ಬೇರೆ ಜನಾಂಗ, ಧರ್ಮ, ಬುಡಕಟ್ಟು, ಭಾಷೆಗಳ ಎಳೆಯರನ್ನೇ ಮುಖ್ಯ ಪಾತ್ರವಾಗಿಸಿಕೊಂಡ ಕಥೆ, ಕಾದಂಬರಿ, ಚಿತ್ರಪುಸ್ತಕಗಳಿಗೆ ಈ ಹೆಸರು ಸಲ್ಲುತ್ತದೆ. ಯಾವ ಮಗು ಕಥೆಯೊಳಗೆ ಬರಬೇಕು, ಆ ಮಗುವಿನ ಕಥೆಯನ್ನು ಯಾರು ಬರೆಯಬೇಕು ಎಂಬ ಚರ್ಚೆ ಅಮೆರಿಕದಲ್ಲಿ ಅರವತ್ತು ವರ್ಷಗಳಿಂದ ನಡೆಯುತ್ತ ಬಂದಿದೆ.

1965ರಲ್ಲಿ ಶಿಕ್ಷಣತಜ್ಞೆ ನ್ಯಾನ್ಸಿ ಲ್ಯಾರಿಕ್ 'ಸ್ಯಾಟರ್ಡೇ ರಿವ್ಯೂ' ಪತ್ರಿಕೆಯಲ್ಲಿ ಒಂದು ಲೆಕ್ಕವನ್ನು ಓದುಗರ ಮುಂದಿಟ್ಟರು. 1962ರಿಂದ 64ರವರೆಗೆ ಹೊರಬಂದ 5,206 ಮಕ್ಕಳ ಪುಸ್ತಕಗಳಲ್ಲಿ ಒಬ್ಬರಾದರೂ ಕಪ್ಪು ಜನಾಂಗದವರು ಕಾಣಿಸಿಕೊಂಡದ್ದು 349ರಲ್ಲಿ ಮಾತ್ರ. ನೂರಕ್ಕೆ ಏಳೂ ಇಲ್ಲ. ಚಿತ್ರಗಳಲ್ಲಿ ಸದಾ ಬಿಳಿಯ ಮಕ್ಕಳೇ ಯಾಕಿರುತ್ತಾರೆ ಎಂದು ಐದು ವರ್ಷದ ಕಪ್ಪು ಹುಡುಗಿಯೊಬ್ಬಳು ಕೇಳಿದ್ದರಿಂದಲೇ ಆ ಲೇಖನ ಶುರುವಾಗುತ್ತದೆ.

ಅಷ್ಟರಲ್ಲಿ ಒಂದು ಪುಸ್ತಕ ಬಾಗಿಲು ತೆರೆದಿತ್ತು. ಎಜ್ರಾ ಜ್ಯಾಕ್ ಕೀಟ್ಸ್ ಅವರ 'ದ ಸ್ನೋಯಿ ಡೇ' (1962). ಪೀಟರ್ ಎಂಬ ಕಪ್ಪು ಹುಡುಗ ಕೆಂಪು ದಿರಿಸು ತೊಟ್ಟು ಹಿಮದಲ್ಲಿ ಆಡುತ್ತಾನೆ, ಒಂದು ಉಂಡೆ ಹಿಮವನ್ನು ನಾಳೆಗೆಂದು ಜೇಬಿಗೆ ಹಾಕಿಕೊಂಡು ಮನೆಗೆ ಬರುತ್ತಾನೆ. ಮಲಗುವ ಹೊತ್ತಿಗೆ ಅದು ಕರಗಿಹೋಗಿರುತ್ತದೆ. ಕಥೆ ಬಹುಪಾಲು ಇಷ್ಟೇ. ಅವನ ಬಣ್ಣದ ಬಗ್ಗೆ ಪುಸ್ತಕದಲ್ಲಿ ಒಂದು ಮಾತೂ ಇಲ್ಲ. ಕೀಟ್ಸ್ ಬ್ರೂಕ್ಲಿನ್‌ನ ಬಡ ಯೆಹೂದಿ ಕುಟುಂಬದವರು. 1940ರಲ್ಲಿ 'ಲೈಫ್' ಪತ್ರಿಕೆಯಲ್ಲಿ ಬಂದ ಪುಟ್ಟ ಕಪ್ಪು ಹುಡುಗನ ಚಿತ್ರಗಳನ್ನು ಕತ್ತರಿಸಿಟ್ಟುಕೊಂಡಿದ್ದವರು, ಇಪ್ಪತ್ತು ವರ್ಷಗಳ ಮೇಲೆ ಅವನನ್ನೇ ಪೀಟರ್ ಮಾಡಿದರು. ಅಮ್ಮನ ಉಡುಪಿಗೆ ಅಡುಗೆಮನೆ ಕಪಾಟಿಗೆ ಹಾಸುವ ಎಣ್ಣೆಬಟ್ಟೆಯನ್ನು ಕತ್ತರಿಸಿ ಅಂಟಿಸಿದರು. ರಬ್ಬರಿನಲ್ಲಿ ಅಚ್ಚು ಕೊರೆದು ಹಿಮದ ಹಳಕುಗಳನ್ನು ಒತ್ತಿದರು. 1963ರಲ್ಲಿ ಇದಕ್ಕೆ ಅಮೆರಿಕದ ಚಿತ್ರಪುಸ್ತಕ ಪ್ರಶಸ್ತಿಯಾದ ಕ್ಯಾಲ್ಡಿಕಾಟ್ ಪದಕ ಬಂತು. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ 2020ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ, ಅದರ ಇತಿಹಾಸದಲ್ಲೇ ಅತಿ ಹೆಚ್ಚು ಎರವಲು ಹೋದ ಪುಸ್ತಕ ಇದೇ: 4,85,000ಕ್ಕೂ ಹೆಚ್ಚು ಬಾರಿ.

ಆದರೂ ಆಕ್ಷೇಪ ತಪ್ಪಲಿಲ್ಲ. ಅಮ್ಮನ ಚಿತ್ರದಲ್ಲಿ ದಪ್ಪ ಮೈಯ ಕಪ್ಪು ಮನೆಗೆಲಸದವಳ ಹಳೆಯ ಅಚ್ಚು ಇದೆ ಎಂದು ಲ್ಯಾರಿಕ್ ದೂರಿದರು. ಆ ದೂರನ್ನು ತಳ್ಳಿಹಾಕುವಂತಿಲ್ಲ. ಮಗುವನ್ನು ಪ್ರೀತಿಯಿಂದ ಬಿಡಿಸಿದ ಕೈಗೂ ಆ ಮನೆಯ ದೊಡ್ಡವರ ಗುರುತು ಸರಿಯಾಗಿ ಇಲ್ಲದಿರಬಹುದು.

ಒಳಗಿನವರು ಬರೆದಾಗ ಏನಾಗುತ್ತದೆ ಎಂಬುದಕ್ಕೆ ಮಿಲ್ಡ್ರೆಡ್ ಟೇಲರ್ ಅವರ 'ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ' (1976) ಸಾಕ್ಷಿ. ಅಪ್ಪ ಹೇಳುತ್ತಿದ್ದ ಕುಟುಂಬದ ಕಥೆಗಳೇ ಅದರ ಬೇರು. 1930ರ ದಶಕದ ಮಿಸಿಸಿಪ್ಪಿಯ ಶಾಲೆಯಲ್ಲಿ ಒಬ್ಬ ಪುಟ್ಟ ಹುಡುಗನ ಕೈಗೆ ಪಠ್ಯಪುಸ್ತಕ ಬರುತ್ತದೆ. ರಟ್ಟಿನ ಒಳಗೆ ಅಂಟಿಸಿದ ಪಟ್ಟಿಯಲ್ಲಿ ಅದನ್ನು ಬಳಸಿದವರ ಜನಾಂಗವೂ ನಮೂದಾಗಿದೆ: ಬಿಳಿಯ ಮಕ್ಕಳು ಹನ್ನೊಂದು ಸಲ ಬಳಸಿ ಹರಿದ ಮೇಲೆ ಅದು ಇವನ ಪಾಲಿಗೆ ಬಂದಿದೆ. ಹುಡುಗ ಅದನ್ನು ನೆಲಕ್ಕೆಸೆದು ತುಳಿಯುತ್ತಾನೆ. ಅನ್ಯಾಯವನ್ನು ಮಗುವಿಗೆ ವಿವರಿಸಲು ಹತ್ತು ಪುಟದ ಉಪದೇಶ ಬೇಡ, ಆ ಒಂದು ಪಟ್ಟಿ ಸಾಕು. ಅಮೆರಿಕದ ಮಕ್ಕಳ ಸಾಹಿತ್ಯ ಪ್ರಶಸ್ತಿಯಾದ ನ್ಯೂಬೆರಿ ಪದಕ 1977ರಲ್ಲಿ ಈ ಕೃತಿಗೆ ಸಂದಿತು.

ಪುಸ್ತಕ ಮಗುವಿಗೆ ತನ್ನ ಮುಖ ಕಾಣುವ ಕನ್ನಡಿಯೂ ಹೌದು, ಪರರ ಬದುಕು ಕಾಣುವ ಕಿಟಕಿಯೂ ಹೌದು ಎಂಬ ರೂಪಕವನ್ನು 1990ರಲ್ಲಿ ಕೊಟ್ಟವರು ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಕ್ಕಳ ಪುಸ್ತಕ ಕೇಂದ್ರ 1985ರಿಂದ ಕಪ್ಪು ಲೇಖಕರ, ಚಿತ್ರಕಾರರ ಪುಸ್ತಕಗಳ ಲೆಕ್ಕ ಇಡುತ್ತಿದೆ. ಆ ವರ್ಷ ಪ್ರಕಟವಾದ ಸುಮಾರು 2,500 ಪುಸ್ತಕಗಳಲ್ಲಿ ಕಪ್ಪು ಲೇಖಕರ ಅಥವಾ ಚಿತ್ರಕಾರರವು 18.

ಹೊರಗಿನವರು ಬರೆಯಬಾರದು ಎಂಬ ನಿಯಮವೇನೂ ಇಲ್ಲ, ಇರಲೂಬಾರದು. ಆದರೆ ಶ್ರಮ ಹೆಚ್ಚು ಬೇಕು. ಕಥೆಯ ಮಗುವಿನ ಮನೆಯಲ್ಲಿ ಯಾರು ಯಾರನ್ನು ಏನೆಂದು ಕರೆಯುತ್ತಾರೆ, ಹಬ್ಬವಿಲ್ಲದ ದಿನ ಏನು ಉಣ್ಣುತ್ತಾರೆ, ಮಗು ಯಾವುದಕ್ಕೆ ನಗುತ್ತದೆ ಎಂಬುದು ಗೊತ್ತಿಲ್ಲದಿದ್ದರೆ ಪಾತ್ರ ವೇಷಭೂಷಣ ಸ್ಪರ್ಧೆಯ ಗೊಂಬೆಯಾಗುತ್ತದೆ. ಹಸ್ತಪ್ರತಿಯನ್ನು ಆ ಸಮುದಾಯದವರಿಗೆ ಓದಿಸಿ ತಿದ್ದುವ ಪದ್ಧತಿ ಈಚೆಗೆ ಬೆಳೆದಿದೆ.

ಭಾರತದಲ್ಲಿ ಮಹಾಶ್ವೇತಾ ದೇವಿಯವರ 'ದ ವೈ-ವೈ ಗರ್ಲ್' (ತೂಲಿಕಾ, 2003) ಮುಖ್ಯ ಕೃತಿ. ಶಬರ ಬುಡಕಟ್ಟಿನ ಮೊಯ್ನಾ ಯಜಮಾನರ ಆಡು ಕಾಯುತ್ತಾಳೆ, ಕಂಡದ್ದಕ್ಕೆಲ್ಲ ಯಾಕೆ ಎನ್ನುತ್ತಾಳೆ. ಅವಳ ಮೇಲೆ ಕನಿಕರ ಹುಟ್ಟುವುದಿಲ್ಲ, ಅವಳ ಜೊತೆ ಓಡಬೇಕೆನಿಸುತ್ತದೆ. ಕನ್ನಡದಲ್ಲಿ ಸೋಲಿಗರ, ಸಿದ್ದಿಯರ, ಲಂಬಾಣಿಗರ ಮಕ್ಕಳು ತಾವೇ ನಾಯಕರಾದ ಇಂಥ ಪುಸ್ತಕಗಳು ಇನ್ನಷ್ಟು ಬರಬೇಕು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ 'ಸ್ಟೋರಿವೀವರ್' ಜಾಲತಾಣದಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಕಥೆಗಳನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು, ಅನುವಾದಿಸಬಹುದು, ಹೊಸದಾಗಿ ಬರೆದು ಸೇರಿಸಬಹುದು.