ಗುಂಡಿ ಒತ್ತೋದಷ್ಟೇ ನಿಮ್ಮ ಕೆಲಸ: ಫೋನು, ಕ್ಯಾಮೆರಾ ಮತ್ತು ಒಂದು ಹಳೇ ಜಗಳ

ಇವತ್ತಿನ ಸಂಚಿಕೆ ಹುಟ್ಟಿದ್ದು ಒಂದು ಫೋನ್ ಕಾಲ್‌ನಿಂದ. ಮೈಸೂರಿನಲ್ಲಿ ಡಿಗ್ರಿ ಓದ್ತಿರೋ ನನ್ನ ಅಕ್ಕನ ಮಗಳು ಫೋನ್ ಮಾಡಿ, "ಮಾಮ, ನನ್ನ ಹತ್ರ 40 ಸಾವಿರ ಇದೆ. ಕ್ಯಾಮೆರಾ ತಗೊಳ್ಳಲಾ, ಇಲ್ಲಾ ಒಳ್ಳೇ ಫೋನ್ ತಗೊಳ್ಳಲಾ?" ಅಂದಳು. ಎರಡು ವರ್ಷ ಸಂಜೆ ಹೊತ್ತು ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡು ಅದು. ಹಿಂದಿನಿಂದ ನಮ್ಮಕ್ಕನ ದನಿ: "ಕೈಯಲ್ಲಿರೋ ಫೋನಲ್ಲೇ ಕ್ಯಾಮೆರಾ ಇದ್ಯಲ್ಲ, ಇನ್ನೊಂದು ಯಾಕೆ ದಂಡ? ನಿಮ್ಮ ಮಾಮನ ಕ್ಯಾಮೆರಾ ಎಷ್ಟು ವರ್ಷದಿಂದ ಬೀರುವಲ್ಲಿ ಬಿದ್ದಿದೆ, ಅದನ್ನೂ ಕೇಳು!"

ಅಕ್ಕ ಹೇಳಿದ್ದು ನಿಜ. ಅದಕ್ಕೇ ನಾನು ತಕ್ಷಣ ಉತ್ತರ ಕೊಡಲಿಲ್ಲ, ಒಂದು ವಾರ ಟೈಮ್ ಕೇಳಿದೆ. ಆ ವಾರ ಓದ್ತಾ ಹೋದಾಗ ಗೊತ್ತಾಗಿದ್ದು ಏನಂದ್ರೆ, ಈ ಜಗಳ ಫೋನ್ ಬಂದ ಮೇಲೆ ಹುಟ್ಟಿದ್ದೇ ಅಲ್ಲ. ಇದಕ್ಕೆ 130 ವರ್ಷದ ಮೇಲಾಗಿದೆ.

1888ಕ್ಕೆ ಹೋಗೋಣ. ಅಲ್ಲಿಯವರೆಗೆ ಫೋಟೋ ತೆಗೆಯೋದು ಅಂದ್ರೆ ಗಾಜಿನ ಪ್ಲೇಟು, ಮೂರು ಕಾಲಿನ ಸ್ಟ್ಯಾಂಡು, ಕತ್ತಲೆ ಕೋಣೆ, ಕೈಗೆಲ್ಲ ರಾಸಾಯನಿಕದ ಕಲೆ. ಆ ವರ್ಷ ಅಮೆರಿಕದ ರಾಚೆಸ್ಟರ್ ಊರಿನ ಜಾರ್ಜ್ ಈಸ್ಟ್‌ಮನ್ ಒಂದು ಪೆಟ್ಟಿಗೆ ಮಾರುಕಟ್ಟೆಗೆ ಬಿಟ್ಟ. ಹೆಸರು ಕೊಡಾಕ್, ಬೆಲೆ 25 ಡಾಲರ್. ಒಳಗೆ 100 ಫೋಟೋಗೆ ಆಗುವಷ್ಟು ಫಿಲ್ಮ್ ಮೊದಲೇ ತುಂಬಿರ್ತಿತ್ತು. ಮುಗಿದ ಮೇಲೆ ಇಡೀ ಕ್ಯಾಮೆರಾನ 10 ಡಾಲರ್ ಜೊತೆ ಕಂಪನಿಗೆ ಕಳಿಸಿಬಿಟ್ರೆ, ಫೋಟೋಗಳನ್ನು ತೊಳೆದು ಪ್ರಿಂಟ್ ಹಾಕಿ, ಹೊಸ ಫಿಲ್ಮ್ ತುಂಬಿ ವಾಪಸ್ ಕಳಿಸ್ತಿದ್ರು. ಅವರ ಜಾಹೀರಾತಿನ ಸಾರ ಇಷ್ಟೇ: ಗುಂಡಿ ಒತ್ತೋದು ನಿಮ್ಮ ಕೆಲಸ, ಮಿಕ್ಕಿದ್ದೆಲ್ಲ ನಮ್ಮದು. ಇನ್ನು 1900ರಲ್ಲಿ ಬಂದ ಬ್ರೌನಿ ಕ್ಯಾಮೆರಾ ಬರೀ 1 ಡಾಲರ್! ಮಕ್ಕಳ ಕೈಗೂ ಕ್ಯಾಮೆರಾ ಬಂತು.

ಆಗಿನ ಗಂಭೀರ ಹವ್ಯಾಸಿಗಳಿಗೆ ಉರಿದುಹೋಯ್ತು. ಗುಂಡಿ ಒತ್ತೋರೆಲ್ಲ ಫೋಟೋಗ್ರಾಫರ್ರಾ ಅನ್ನೋ ಪ್ರಶ್ನೆ. ಇವತ್ತು "ಫೋನಲ್ಲಿ ತೆಗೆದಿದ್ದೂ ಒಂದು ಫೋಟೋನಾ" ಅಂತ ಮೂಗು ಮುರೀತಾರಲ್ಲ, ಥೇಟ್ ಅದೇ ಧಾಟಿ. ಕೈಯಲ್ಲಿ ಹಿಡಿದು ತೆಗೆಯೋ ಕ್ಯಾಮೆರಾ ಅಂದ್ರೇನೇ ತಾತ್ಸಾರ.

ಇಲ್ಲಿ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಬರ್ತಾರೆ. ನ್ಯೂಯಾರ್ಕಿನವರು, ಫೋಟೋಗ್ರಫಿನ ಕಲೆ ಅಂತ ಒಪ್ಪಿಸೋಕೆ ಜೀವನಪೂರ್ತಿ ಬಡಿದಾಡಿದವರು. 1893ರ ಫೆಬ್ರವರಿ 22, ನ್ಯೂಯಾರ್ಕಿನಲ್ಲಿ ಹಿಮದ ಬಿರುಗಾಳಿ. ಈ ಮನುಷ್ಯ ಇನ್ನೊಬ್ಬರಿಂದ ಒಂದು ಹ್ಯಾಂಡ್ ಕ್ಯಾಮೆರಾ ಕಡ ಇಸ್ಕೊಂಡು ಫಿಫ್ತ್ ಅವೆನ್ಯೂ ರಸ್ತೇಲಿ ನಿಂತರು. ಎಷ್ಟು ಹೊತ್ತು? ಮೂರು ಗಂಟೆ. ಹಿಮ ಸೀಳ್ಕೊಂಡು ಒಂದು ಕುದುರೆ ಗಾಡಿ ತಾವು ಅಂದ್ಕೊಂಡ ಜಾಗಕ್ಕೆ ಬರೋವರೆಗೂ ಕಾದು ಗುಂಡಿ ಒತ್ತಿದರು. ಆಮೇಲೆ ನೆಗೆಟಿವ್‌ನ ತಮಗೆ ಬೇಕಾದಷ್ಟು ಭಾಗ ಮಾತ್ರ ಇಟ್ಕೊಂಡು ಮಿಕ್ಕಿದ್ದು ಬಿಟ್ಟರು. ಆ ಫೋಟೋ ಇವತ್ತಿಗೂ ಮ್ಯೂಸಿಯಂಗಳಲ್ಲಿದೆ. ಸಾಧನ ಎಲ್ಲರೂ ಹಗುರವಾಗಿ ಕಾಣ್ತಿದ್ದದ್ದೇ. ಆದರೆ ಎಲ್ಲಿ ನಿಲ್ಲಬೇಕು, ಯಾವಾಗ ಒತ್ತಬೇಕು, ಏನು ಬಿಡಬೇಕು ಅನ್ನೋ ಮೂರನ್ನೂ ಅವರೇ ತೀರ್ಮಾನ ಮಾಡಿದ್ದರು. ಇದನ್ನ ಸ್ವಲ್ಪ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ. (1897ರ ಒಂದು ಲೇಖನದಲ್ಲಿ ಇದೇ ಸ್ಟೀಗ್ಲಿಟ್ಸ್, ಜನಕ್ಕೆ ಸೈಕಲ್ ಹುಚ್ಚು ಹಿಡಿದ ಮೇಲೆ ಫೋಟೋ ಹುಚ್ಚು ಇಳೀತು ಅಂತ ಬರೆದಿದ್ದಾರೆ. ಪ್ರತಿ ಕಾಲಕ್ಕೂ ಒಂದೊಂದು ರೀಲ್ಸ್!)

ಈಗ ನಮ್ಮನೆಗೆ ಬನ್ನಿ. ನಮ್ಮಜ್ಜ ಮೇಷ್ಟ್ರು. ಅವರ ಹತ್ರ ಒಂದು ಆಗ್ಫಾ ಕ್ಲಿಕ್ 3 ಇತ್ತು. ಬರೋಡಾದಲ್ಲಿ ತಯಾರಾಗ್ತಿದ್ದ, ಮಧ್ಯಮವರ್ಗದ ಕೈಗೆಟುಕೋ ಡಬ್ಬಿ ಕ್ಯಾಮೆರಾ. ಒಂದು ರೋಲಿಗೆ 12 ಚೌಕ ಫೋಟೋ, ಅಷ್ಟೆ. ಫಿಲ್ಮ್‌ಗೆ, ತೊಳೆಸೋಕೆ, ಪ್ರಿಂಟಿಗೆ ಎಲ್ಲದಕ್ಕೂ ದುಡ್ಡು. ಯುಗಾದಿಗೆ ಎರಡು, ಜಾತ್ರೆಗೆ ಎರಡು ಅಂತ ಲೆಕ್ಕ ಹಾಕಿ ಒಂದೇ ರೋಲನ್ನ ಆರಾರು ತಿಂಗಳು ಎಳೀತಿದ್ರಂತೆ. ಹಾಗೆ ತೆಗೆದದ್ದರಲ್ಲಿ ಒಂದು, ದಾಸವಾಳದ ಗಿಡದ ಪಕ್ಕ ನಿಂತಿರೋ ಅಜ್ಜಿ. 6 ಸೆಂಟಿಮೀಟರ್ ಚೌಕದ ನೆಗೆಟಿವ್ ಅದು. ಹತ್ತಿರ ಹತ್ತಿರ 50 ವರ್ಷ ಆದಮೇಲೆ ನಾನು ಸ್ಕ್ಯಾನ್ ಮಾಡಿಸಿ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಲೆನ್ಸ್ ಸಾಧಾರಣದ್ದೇ, ಅಂಚೆಲ್ಲ ಮಂಜು. ಆದರೂ ಅಜ್ಜಿಯ ಸೀರೆಯ ಅಂಚು ಎಣಿಸಬಹುದು.

ಡಿಜಿಟಲ್ ಕಥೆ ಬಹಳ ಜನಕ್ಕೆ ಗೊತ್ತಿರೋದೇ, ಬೇಗ ಹೇಳ್ತೀನಿ. 1975ರಲ್ಲಿ ಅದೇ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಅನ್ನೋ ಯುವ ಎಂಜಿನಿಯರ್ ಫಿಲ್ಮ್ ಇಲ್ಲದ ಕ್ಯಾಮೆರಾ ಕಟ್ಟಿದರು. 0.01 ಮೆಗಾಪಿಕ್ಸೆಲ್, ಸುಮಾರು ಮೂರೂವರೆ ಕೆ.ಜಿ. ತೂಕ. ಒಂದು ಫೋಟೋ ಕ್ಯಾಸೆಟ್ ಟೇಪಿಗೆ ಇಳಿಯೋಕೆ 23 ಸೆಕೆಂಡು. ಇಂಥದ್ದನ್ನ ಮೊದಲು ಕಟ್ಟಿದ್ದ ಆ ಕಂಪನಿ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕ್ತು.

ನನಗೆ ಇನ್ನೂ ಇಷ್ಟವಾದ ಕಥೆ 1997ರ ಜೂನ್ 11ರದ್ದು. ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್‌ನ ಒಂದು ಹೆರಿಗೆ ಆಸ್ಪತ್ರೆ. ಹೆಂಡತಿಗೆ ಹೆರಿಗೆ ನೋವು, ಗಂಡ ಫಿಲಿಪ್ ಕಾನ್ ಪಕ್ಕದಲ್ಲಿ ಕೂತು ವೈರ್ ಬೆಸೀತಿದ್ದಾರೆ! ಅವರ ಹತ್ರ ಒಂದು ಕ್ಯಾಸಿಯೊ ಡಿಜಿಟಲ್ ಕ್ಯಾಮೆರಾ, ಒಂದು ಮೊಟೊರೊಲಾ ಫೋನು, ಒಂದು ಲ್ಯಾಪ್‌ಟಾಪ್. ಮೂರನ್ನೂ ಜೋಡಿಸೋ ಕೇಬಲ್ ಇಲ್ಲ. ತಮ್ಮ ಕಾರಿನ ಸ್ಪೀಕರ್‌ಫೋನಿನ ವೈರು ಕಿತ್ತು ತಂದು ಜೋಡಿಸಿದರು. ಮಗಳು ಹುಟ್ಟಿದಳು, ಫೋಟೋ ತೆಗೆದರು, ಸ್ವಲ್ಪ ಹೊತ್ತಿನಲ್ಲೇ ಆ ಚಿತ್ರ 2 ಸಾವಿರಕ್ಕೂ ಹೆಚ್ಚು ಜನರನ್ನ ತಲುಪ್ತು. ಗಮನಿಸಿ, ಅವತ್ತು ಅವರಿಗೆ ಬೇಕಾಗಿದ್ದು ಒಳ್ಳೇ ಕ್ಯಾಮೆರಾ ಅಲ್ಲ, ಅದು ಕೈಯಲ್ಲೇ ಇತ್ತು. ಬೇಕಾಗಿದ್ದು ಆ ಕ್ಷಣದಲ್ಲೇ ಹಂಚ್ಕೊಳ್ಳೋ ದಾರಿ. ಫೋನ್ ಕ್ಯಾಮೆರಾ ಗೆದ್ದಿದ್ದು ಇಲ್ಲೇ ಅಂತ ನನ್ನ ಲೆಕ್ಕ. 2000ದಲ್ಲಿ ಜಪಾನಿನಲ್ಲಿ ಬಂದ ಶಾರ್ಪ್ ಫೋನಿನಲ್ಲಿ ಇದ್ದದ್ದು ಬರೀ 1 ಲಕ್ಷ 10 ಸಾವಿರ ಪಿಕ್ಸೆಲ್. ಆದರೂ ಜನ ಮುಗಿಬಿದ್ದರು. ಚಿತ್ರ ಚೆನ್ನಾಗಿತ್ತು ಅಂತ ಅಲ್ಲ, ಜೇಬಲ್ಲಿತ್ತು ಅಂತ.

ಜಪಾನಿನ ಕ್ಯಾಮೆರಾ ತಯಾರಕರ ಒಕ್ಕೂಟ ಸಿಪಾ ವರ್ಷವರ್ಷವೂ ಲೆಕ್ಕ ಕೊಡುತ್ತೆ. 2010ರಲ್ಲಿ ಸುಮಾರು 12 ಕೋಟಿ ಡಿಜಿಟಲ್ ಕ್ಯಾಮೆರಾ ಕಾರ್ಖಾನೆಗಳಿಂದ ಹೊರಗೆ ಹೋದವು. 2023ರಲ್ಲಿ 80 ಲಕ್ಷಕ್ಕಿಂತ ಕಡಿಮೆ. ಹೆಚ್ಚಾಗಿ ನೆಲಕಚ್ಚಿದ್ದು ಟೂರಿಗೆ ಹೋಗುವಾಗ ಕೊರಳಿಗೆ ಹಾಕ್ಕೊಂಡು ಹೋಗ್ತಿದ್ದ ಸಣ್ಣ ಕ್ಯಾಮೆರಾಗಳು.

ಅಂಥ ಕಾಲದಲ್ಲೇ ನಾನು ಇಎಂಐ ಮೇಲೆ ಡಿಎಸ್‌ಎಲ್‌ಆರ್ ತಗೊಂಡೆ, 2012ರಲ್ಲಿ. ಎರಡು ವರ್ಷ ಅದನ್ನ ಮಗು ಥರ ನೋಡ್ಕೊಂಡೆ. ಆಮೇಲೆ ಬ್ಯಾಗ್ ಭಾರ ಅನ್ನಿಸ್ತು, ಫೋನ್ ಸಾಕು ಅನ್ನಿಸ್ತು. ಅಜ್ಜಿ ತೀರಿಕೊಳ್ಳೋಕೆ ಕೆಲವು ತಿಂಗಳು ಮುಂಚೆ ಊರಿಗೆ ಹೋಗಿದ್ದೆ. ಜಗುಲಿ ಮೇಲೆ ಅವರೆಕಾಯಿ ಬಿಡಿಸ್ತಾ ಕೂತಿದ್ದವರು ನಾನು ಹೇಳಿದ್ದಕ್ಕೆ ಬಾಯ್ತುಂಬ ನಕ್ಕರು. ಕ್ಯಾಮೆರಾ ಬೆಂಗಳೂರಿನ ಬೀರುವಲ್ಲಿ. ಫೋನಲ್ಲಿ ತೆಗೆದೆ. ಫೋನ್ ಇಲ್ಲದಿದ್ದರೆ ಆ ನಗು ಇವತ್ತು ಎಲ್ಲೂ ಇರ್ತಿರಲಿಲ್ಲ, ಇದನ್ನ ಖಂಡಿತ ಒಪ್ಕೋತೀನಿ. ಆದರೆ ಆ ಫೋನ್ ಕಳೆದುಹೋಯ್ತು, ಬ್ಯಾಕಪ್ ಮಾಡಿರಲಿಲ್ಲ. ಉಳಿದದ್ದು ಅಕ್ಕನಿಗೆ ಮೆಸೇಜ್‌ನಲ್ಲಿ ಕಳಿಸಿದ್ದ, ಕುಗ್ಗಿಹೋದ ಕಾಪಿ ಒಂದೇ. ತಿಥಿಗೆ ಫ್ರೇಮ್ ಹಾಕಿಸೋಕೆ ಹೋದಾಗ ಸ್ಟುಡಿಯೋದವನು, "ಸರ್, ಇದಕ್ಕಿಂತ ದೊಡ್ಡದು ಮಾಡಿದ್ರೆ ಒಡೆಯುತ್ತೆ" ಅಂದ. ಈಗ ನಮ್ಮ ಹಜಾರದ ಗೋಡೆ ಮೇಲೆ ದಾಸವಾಳದ ಪಕ್ಕದ ಅಜ್ಜಿ ದೊಡ್ಡದು, ನಗೋ ಅಜ್ಜಿ ಪುಸ್ತಕದಷ್ಟು. ತಪ್ಪು ಫೋನಿನದಲ್ಲ, ನನ್ನದು. ಫೋಟೋ ಕಳಿಸುವಾಗ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ, ಮೂಲ ಫೈಲನ್ನ ಎರಡು ಕಡೆ ಇಡಿ. ಇದೊಂದನ್ನ ಇವತ್ತೇ ಮಾಡಿ.

ಹಾಗಾದ್ರೆ ಫೋನ್ ಇಷ್ಟು ಚೆನ್ನಾಗಿ ಹೇಗೆ ತೆಗೆಯುತ್ತೆ? ಗಾಜಿನ ಬಲದಿಂದ ಅಲ್ಲ, ಲೆಕ್ಕದ ಬಲದಿಂದ. ಸ್ಟ್ಯಾನ್‌ಫರ್ಡ್‌ನ ಪ್ರೊಫೆಸರ್ ಮಾರ್ಕ್ ಲೆವಾಯ್ ಗೂಗಲ್‌ನಲ್ಲಿ ಮುನ್ನಡೆಸಿದ ತಂಡದ ಕೆಲಸ ಇದಕ್ಕೆ ಒಳ್ಳೇ ಉದಾಹರಣೆ. ನೀವು ಆ್ಯಪ್ ತೆರೆದ ಕೂಡಲೇ ಫೋನ್ ಒಂದರ ಹಿಂದೆ ಒಂದು ಫ್ರೇಮ್ ಹಿಡೀತಾ, ಹಳೇದನ್ನ ಬಿಸಾಕ್ತಾ ಇರುತ್ತೆ. ನೀವು ಒತ್ತಿದಾಗ ಹಲವು ಫ್ರೇಮುಗಳನ್ನ ಒಂದರ ಮೇಲೊಂದು ಕೂರಿಸಿ, ಕಾಳುಕಾಳು ಕಾಣೋದನ್ನ ಅಳಿಸಿ, ಒಂದೇ ಚಿತ್ರ ಮಾಡಿ ಕೊಡುತ್ತೆ. 2018ರ ನೈಟ್ ಸೈಟ್ ಕತ್ತಲಲ್ಲಿ 15 ಫ್ರೇಮ್‌ವರೆಗೂ ಹೀಗೆ ಸೇರಿಸ್ತಿತ್ತು. ಅದ್ಭುತ ಅಲ್ವಾ? ನಾನಂತೂ ಸಲಾಂ ಹೊಡೀತೀನಿ.

ಆದರೆ ಇದೇ ದಾರೀಲಿ ಇನ್ನೊಂದು ಹೆಜ್ಜೆ ಮುಂದೆ ಹೋದರೆ? 2023ರ ಮಾರ್ಚ್‌ನಲ್ಲಿ ರೆಡಿಟ್‌ನಲ್ಲಿ ಒಬ್ಬರು ಒಂದು ಪರೀಕ್ಷೆ ಮಾಡಿದರು. ಚಂದ್ರನ ಚಿತ್ರವನ್ನ 170×170 ಪಿಕ್ಸೆಲ್‌ಗೆ ಕುಗ್ಗಿಸಿ, ಬೇಕಂತಲೇ ಮಸುಕು ಮಾಡಿ, ಕಂಪ್ಯೂಟರ್ ಪರದೆ ಮೇಲೆ ಹಾಕಿ, ದೂರದಿಂದ ಸ್ಯಾಮ್‌ಸಂಗ್ ಫೋನಲ್ಲಿ ಫೋಟೋ ತೆಗೆದರು. ಪರದೆ ಮೇಲೆ ಇಲ್ಲದೇ ಇದ್ದ ಗುಂಡಿಗಳು ಫೋಟೋದಲ್ಲಿ ಇದ್ದವು. ಚಂದ್ರನನ್ನ ಗುರುತಿಸಿ ವಿವರಗಳನ್ನ ಹೆಚ್ಚಿಸೋ ಎಐ ವ್ಯವಸ್ಥೆ ನಮ್ಮ ಫೋನಲ್ಲಿದೆ, ಬೇಡವಾದರೆ ಆಫ್ ಮಾಡಬಹುದು ಅಂತ ಕಂಪನಿ ವಿವರಿಸ್ತು. 1888ರಲ್ಲಿ "ಮಿಕ್ಕಿದ್ದೆಲ್ಲ ನಮ್ಮದು" ಅಂದಾಗ ಮಿಕ್ಕಿದ್ದು ಅಂದ್ರೆ ತೊಳೆಯೋದು, ಪ್ರಿಂಟ್ ಹಾಕೋದು. ಈಗ ಆ ಮಿಕ್ಕಿದ್ದರಲ್ಲಿ ನೋಡೋದೂ ಸೇರ್ಕೊಂಡಿದೆ.

ನನ್ನ ಅಕ್ಕನ ಮಗಳ ತಕರಾರು ಇದೇ ಆಗಿತ್ತು, ಅವಳಿಗೆ ಹೇಳೋಕೆ ಬಂದಿರಲಿಲ್ಲ ಅಷ್ಟೆ. ಅವಳು ದಿನಾ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ವಾಕಿಂಗ್ ಹೋಗ್ತಾಳೆ, ಹಕ್ಕಿ ನೋಡ್ತಾಳೆ. ಕಳಿಸಿದ್ದ ಒಂದು ಮಿಂಚುಳ್ಳಿ ಫೋಟೋ ಫೋನ್ ಪರದೆಯಲ್ಲಿ ಭಲೇ ಅನ್ನೋ ಹಾಗಿತ್ತು. ದೊಡ್ಡದು ಮಾಡಿ ನೋಡಿದರೆ ರೆಕ್ಕೆಯಲ್ಲಿ ಗರಿ ಇಲ್ಲ, ನೀಲಿ ಬಣ್ಣ ಬಳಿದ ಹಾಗಿದೆ. "ಮಾಮ, ಇದು ನಾನು ನೋಡಿದ ಹಕ್ಕಿ ಅಲ್ಲ" ಅಂದಳು.

ಹಕ್ಕಿ ವಿಷಯದಲ್ಲಿ ಭೌತಶಾಸ್ತ್ರ ಮಣಿಯಲ್ಲ. ಬೀರುವಲ್ಲಿದ್ದ ನನ್ನ ಕ್ಯಾಮೆರಾದ ಸೆನ್ಸರ್ ಸುಮಾರು 22×15 ಮಿ.ಮೀ., ಅಂದ್ರೆ 330 ಚದರ ಮಿಲಿಮೀಟರ್. 1/2.55 ಇಂಚು ಅಂತ ಹಾಕಿರೋ ಫೋನ್ ಸೆನ್ಸರ್ ಸುಮಾರು 24. ಬೆಳಕು ಬೀಳೋ ಜಾಗದಲ್ಲೇ ಹದಿಮೂರು ಪಟ್ಟಿಗೂ ಹೆಚ್ಚಿನ ವ್ಯತ್ಯಾಸ. ದುಬಾರಿ ಫೋನ್‌ಗಳ ಮುಖ್ಯ ಸೆನ್ಸರ್ ಈಗ ದೊಡ್ಡದಾಗಿದೆ, ಆದರೆ ದೂರದ್ದನ್ನ ಹಿಡಿಯೋ ಝೂಮ್ ಕ್ಯಾಮೆರಾದ ಸೆನ್ಸರ್ ಸಾಮಾನ್ಯವಾಗಿ ಇನ್ನೂ ಸಣ್ಣದೇ. ಜೇಬಿಗೆ ಹೋಗೋ ವಸ್ತುವಿನೊಳಗೆ ಅಷ್ಟುದ್ದದ ಲೆನ್ಸ್ ಎಲ್ಲಿ ಕೂರಿಸ್ತೀರಿ? 2015ರಲ್ಲಿ ನಿಕಾನ್ 83 ಪಟ್ಟು ಝೂಮ್ ಇರೋ ಪಿ900 ಬಿಟ್ಟಾಗ ಹಕ್ಕಿ ಪ್ರಿಯರು ಅದರ ಹಿಂದೆ ಬಿದ್ದಿದ್ದು ಇದೇ ಕಾರಣಕ್ಕೆ.

ಕನ್ನಡದಲ್ಲಿ ಹಕ್ಕಿ, ಕ್ಯಾಮೆರಾ ಅಂದ ಕೂಡಲೇ ಪೂರ್ಣಚಂದ್ರ ತೇಜಸ್ವಿ ನೆನಪಾಗ್ತಾರೆ. ಮೂಡಿಗೆರೆಯ ಕಾಫಿ ತೋಟದಲ್ಲಿದ್ದು ಬರೀತಾ, ಮೀನು ಹಿಡೀತಾ, ಹಕ್ಕಿಗಳ ಫೋಟೋ ತೆಗೀತಾ ಇದ್ದವರು. ಫಿಲ್ಮ್ ಕಾಲದಲ್ಲಿ ಹಕ್ಕಿ ಫೋಟೋ ಅಂದ್ರೆ 36 ಫೋಟೋದ ರೋಲು ಮುಗಿದು, ತೊಳೆಸಿ ಬಂದಮೇಲೆ ತಾನೇ ಗೊತ್ತಾಗೋದು ಏನು ಸಿಕ್ತು ಅಂತ? ಅಷ್ಟರಲ್ಲಿ ಹಕ್ಕಿ ಗೂಡು ಬಿಟ್ಟು ಹೋಗಿರುತ್ತೆ. ಹಾಗಾಗಿ ಹಕ್ಕಿಯ ನಡೆ ಕಲೀಲೇಬೇಕು. ತೇಜಸ್ವಿ ತೀರಿಕೊಂಡಿದ್ದು 2007ರ ಏಪ್ರಿಲ್ 5ಕ್ಕೆ. ಅದೇ ಜೂನ್‌ನಲ್ಲಿ ಮೊದಲ ಐಫೋನ್ ಅಂಗಡಿಗೆ ಬಂತು, 2 ಮೆಗಾಪಿಕ್ಸೆಲ್ ಕ್ಯಾಮೆರಾ ಜೊತೆ. ಕಂಪ್ಯೂಟರ್ ಅಂದ್ರೆ ಅಷ್ಟು ಆಸಕ್ತಿ ಇದ್ದ ಮನುಷ್ಯ ಇವತ್ತಿನ ಫೋನ್ ನೋಡಿದ್ದರೆ ಏನಂತಿದ್ದರೋ. ಬಿಚ್ಚಿ ನೋಡ್ತಿದ್ದರು ಅಂತ ನನ್ನ ಊಹೆ!

ವಾರ ಮುಗೀತು. ನಾನು ಬೀರು ತೆಗೆದೆ. ಲೆನ್ಸ್ ಒಳಗೆ ಜೇಡರ ಬಲೆ ಥರ ಫಂಗಸ್. ರಿಪೇರಿ ಅಂಗಡಿಯವನು 1,500 ತಗೊಂಡು, ನನ್ನನ್ನ ಒಂದು ಥರಾ ನೋಡಿ, ಕ್ಲೀನ್ ಮಾಡಿಕೊಟ್ಟ. ಹಳೇ 250 ಮಿ.ಮೀ. ಝೂಮ್ ಲೆನ್ಸ್ ಹಾಕ್ಕೊಂಡು ಮೈಸೂರಿಗೆ ಹೋದೆ. "40 ಸಾವಿರ ಮುಟ್ಟಬೇಡ. ಮೂರು ತಿಂಗಳು ಇದನ್ನ ಇಟ್ಕೋ. ಆಟೋ ಮೋಡ್ ಮಾತ್ರ ಬೇಡ" ಅಂದೆ. ಮನೆಯವರ ಫೋಟೋ, ಪ್ರವಾಸ, ಊಟದ ತಟ್ಟೆ ಇಷ್ಟಕ್ಕೇ ಆಗಿದ್ದರೆ ಫೋನ್ ಸಾಕು ಅಂತಲೇ ಹೇಳ್ತಿದ್ದೆ. ಫೋನಲ್ಲೂ ಪ್ರೊ ಮೋಡ್ ಇರುತ್ತೆ, ಕಲಿಯೋಕೆ ಅದೂ ಆಗುತ್ತೆ. ಅವಳ ಹುಚ್ಚು ಮಿಂಚುಳ್ಳಿಯದ್ದು, ಅದಕ್ಕೆ ಹೀಗಂದೆ.

ಮರುದಿನ ಬೆಳಗ್ಗೆ ಆರೂವರೆ, ಕೆರೆ ಏರಿ. ಮುಕ್ಕಾಲು ಗಂಟೆ ಒಂದೇ ಕೊಂಬೆ ಮೇಲೆ ಕಣ್ಣಿಟ್ಟು ಕೂತಳು. ಹಕ್ಕಿ ನೀರಿಗೆ ಧುಮುಕಿತು, ಅವಳು ಒತ್ತಿದಳು. ಪರದೆಯಲ್ಲಿ ಒಂದು ನೀಲಿ ಗೀಟು, ಅಷ್ಟೆ. ಸ್ವಲ್ಪ ಹೊತ್ತು ನೋಡಿ, "ಶಟರ್ 1/60ಕ್ಕೆ ಇಟ್ಬಿಟ್ಟಿದ್ದೆ, ಅಲ್ವಾ ಮಾಮ?" ಅಂದಳು. 1/1600ಕ್ಕೆ ತಿರುಗಿಸಿದಳು. ಈಗ ಫೋಟೋ ಕತ್ತಲು. ಐಎಸ್‌ಒ ಏರಿಸಿದಳು. ಅಷ್ಟರಲ್ಲಿ ಹಕ್ಕಿ ಹೋಗಿತ್ತು.

ಮೊನ್ನೆ ಅವಳ ಡ್ರೈವ್ ಲಿಂಕ್ ಬಂತು, 312 ಫೋಟೋ. ಇಟ್ಕೊಳ್ಳೋ ಹಾಗಿರೋದು ನಾಲ್ಕು. ಒಂದರಲ್ಲಿ ಮಿಂಚುಳ್ಳಿ ಕೊಕ್ಕಿನಲ್ಲಿ ಮೀನು, ಕತ್ತಿನ ಹತ್ರ ಒದ್ದೆಯಾಗಿ ಅಂಟಿಕೊಂಡ ಗರಿಗಳು. ಅಕ್ಕ ಅದನ್ನ ಪ್ರಿಂಟ್ ಹಾಕಿಸಿದ್ದಾಳೆ. ತನ್ನ ಫೋನಲ್ಲಿ ಆ ಪ್ರಿಂಟಿನ ಫೋಟೋ ತೆಗೆದು ಸ್ಟೇಟಸ್‌ಗೂ ಹಾಕಿದ್ದಾಳೆ.