ಕೂರಿಗೆಯಿಂದ ಗುಂಟೆಗೆ: ಧಾರವಾಡ ಸೀಮೆಯ ಭೂಮಾಪನ ಮತ್ತು ಜನಪದರ ನೆಲ

ವಸಾಹತು ಆಡಳಿತದ ಭೂಮಾಪನವನ್ನು ಕಂದಾಯದ ಇತಿಹಾಸವೆಂದು ಓದುವುದು ರೂಢಿ. ಅದು ನೆಲವನ್ನು ಹೆಸರಿಸುವ ಕ್ರಮ ಬದಲಾದ ಇತಿಹಾಸವೂ ಹೌದು.

ಬ್ರಿಟಿಷರಿಗೆ ಮೊದಲು ಅಳತೆಯಾಗಲಿ ದಾಖಲೆಯಾಗಲಿ ಇರಲಿಲ್ಲವೆಂದಲ್ಲ. ಶಾಸನಗಳಲ್ಲಿ ಮತ್ತರು ಇದೆ. ಕುಲಕರ್ಣಿಯ ಬಳಿ ಕಡತವಿತ್ತು. ಧಾರವಾಡದ ಎರೆಸೀಮೆಯಲ್ಲಿ ಬಳಕೆಯಲ್ಲಿದ್ದ ಅಳತೆ ಕೂರಿಗೆ. ಒಂದು ಕೂರಿಗೆ ಒಂದು ದಿನದಲ್ಲಿ ಬಿತ್ತಬಲ್ಲಷ್ಟು ಹೊಲವೇ ಒಂದು ಕೂರಿಗೆ. ಮಣ್ಣು ಬದಲಾದಂತೆ ಅದರ ವಿಸ್ತಾರವೂ ಬದಲಾಗುತ್ತಿತ್ತು. ಅಳತೆಗೆ ಆಧಾರವಾಗಿದ್ದುದು ದುಡಿಮೆಯೇ ಹೊರತು ಕ್ಷೇತ್ರಫಲವಲ್ಲ.

1835ರ ಸುಮಾರಿಗೆ ಪುಣೆ ಸೀಮೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಆರಂಭಿಸಿದ ಮೋಜಣಿ 1840ರ ದಶಕದಲ್ಲಿ ಧಾರವಾಡಕ್ಕೆ ಬಂದಿತು. 1847ರ ಜಂಟಿ ವರದಿ ಅದರ ನಿಯಮಗಳನ್ನು ಸ್ಥಿರಗೊಳಿಸಿತು. 33 ಅಡಿ ಸರಪಳಿಯ ಚದರವೇ ಗುಂಟೆ. 40 ಗುಂಟೆಗೆ ಒಂದು ಎಕರೆ. ಮಣ್ಣನ್ನು ಒಂಬತ್ತು ತರಗತಿಗಳಾಗಿ ವಿಂಗಡಿಸಿ, ಉತ್ತಮವಾದುದಕ್ಕೆ 16 ಆಣೆ ಬೆಲೆಯಿಟ್ಟು, ಆಳ ಕಡಿಮೆಯಾದಂತೆ, ಕಲ್ಲು ಮರಳು ಬೆರೆತಂತೆ ಆಣೆ ಇಳಿಸಲಾಯಿತು. ಕಂದಾಯದ ದರ 30 ವರ್ಷಗಳಿಗೆ ನಿಶ್ಚಿತವಾಯಿತು. ಪ್ರತಿ ಹೊಲಕ್ಕೂ ಸರ್ವೆ ನಂಬರು, ಮೂಲೆಗೆ ಬಾಂದುಕಲ್ಲು, ಆಕಾರಬಂದಿನಲ್ಲಿ ಒಂದು ಸಾಲು. ಗಮನಾರ್ಹವೆಂದರೆ, ಒಂದು ನಂಬರಿನ ಗಾತ್ರವನ್ನು ಗೊತ್ತುಪಡಿಸುವಾಗ ಜೋಡೆತ್ತು ಉಳಬಲ್ಲ ನೆಲವನ್ನೇ ಲೆಕ್ಕಕ್ಕೆ ಹಿಡಿಯಲಾಗಿತ್ತು. ಕೂರಿಗೆಯ ತರ್ಕ ಪೂರ್ತಿ ಅಳಿಯಲಿಲ್ಲ, ಅಂಕಿಯೊಳಗೆ ಅಡಗಿತು.

ಸಾಗುವಳಿಗೆ ಒದಗದ, ಕಂದಾಯ ಕಟ್ಟದ ನೆಲ 'ಖರಾಬು' ಎನಿಸಿತು. 1966ರ ಭೂಕಂದಾಯ ನಿಯಮಗಳಲ್ಲಿಯೂ ಈ ವರ್ಗವಿದೆ: ರೈತನ ಕಣ, ಕಾಲುದಾರಿ, ಹಳ್ಳ, ಸ್ಮಶಾನ, ಕುಂಬಾರರ ಮಣ್ಣಿನ ನೆಲ ಇವೆಲ್ಲ ಖರಾಬು. ಜನಪದರ ದೃಷ್ಟಿಯಲ್ಲಿ ಕಣ ಹಾಗಲ್ಲ. ಮೇಟಿ ನೆಟ್ಟು ರಾಶಿ ಪೂಜಿಸುವ, ಚಪ್ಪಲಿ ಕಳಚಿ ಕಾಲಿಡುವ, ಆಯಗಾರರಿಗೆ ಪಾಲು ಅಳೆದುಕೊಡುವ ಜಾಗವದು. ಎಳ್ಳಮಾವಾಸ್ಯೆಯಲ್ಲಿ ಚರಗ ಚೆಲ್ಲುವವರು ಹೊಲವಿಡೀ ಸುತ್ತುತ್ತಾರೆ. ಖರಾಬನ್ನು ಬಿಟ್ಟು ನಡೆಯುವುದಿಲ್ಲ.

ಆದರೆ ಇದನ್ನು ನಷ್ಟದ ಕಥೆಯಾಗಿಯಷ್ಟೇ ನೋಡಲಾಗದು. ಊರಿನ ದಾರಿ, ಸ್ಮಶಾನಗಳು ಒತ್ತುವರಿಯಾದಾಗ ಭೂಹೀನರಿಗೆ ಆಧಾರವಾಗುವುದು ಅದೇ ಖರಾಬಿನ ಕಲಮು. ಕಲಮು ಆ ನೆಲದ ವಿಸ್ತೀರ್ಣವನ್ನು ಹೇಳುತ್ತದೆ. ಅಲ್ಲಿ ಯಾರು ನಡೆದರು, ಯಾರನ್ನು ಹೂಳಲಾಯಿತು ಎಂಬುದನ್ನು ಹಿರಿಯರ ನೆನಪು ಹೇಳುತ್ತದೆ. ಆದುದರಿಂದ ಹೊಲದ ಹೆಸರುಗಳನ್ನು ಸರ್ವೆ ನಂಬರಿನೊಡನೆ ಸಂಗ್ರಹಿಸುವುದು ಜಾನಪದ ಅಧ್ಯಯನದ ಅಲಂಕಾರವಲ್ಲ, ಅದರ ಹೊಣೆ.