ಕಪ್ಪತಗುಡ್ಡದ ಪಾಳು ಚಿನ್ನದ ಗಣಿಗಳು

ಅಣ್ಣಿಗೇರಿಯ ಎರೆಹೊಲಗಳನ್ನು ದಾಟಿ ಪೂರ್ವಕ್ಕೆ ಗದಗ ತಲುಪಿ, ಅಲ್ಲಿಂದ ದಕ್ಷಿಣಕ್ಕೆ ಹೊರಳಿದರೆ ಕಪ್ಪತಗುಡ್ಡದ ಸಾಲು ಕಾಣುತ್ತದೆ. 1997ರವರೆಗೆ ಇದು ಧಾರವಾಡ ಜಿಲ್ಲೆಯಲ್ಲೇ ಇತ್ತು. ಇಲ್ಲಿನ ಹೊಸೂರು, ಅತ್ತಿಕಟ್ಟಿ, ಕಬಲಾಯತಕಟ್ಟಿಗಳ ಸುತ್ತ ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ಚಿನ್ನದ ಗಣಿಗಳು ನಡೆದಿದ್ದವು. ಇಂದು ಅವು ಪಾಳುಬಿದ್ದಿವೆ.

ಕಂಪನಿಗಳಿಗೂ ಮೊದಲು ಇಲ್ಲಿ ಚಿನ್ನ ಹುಡುಕುತ್ತಿದ್ದವರು ಜಲಗಾರರು. ಮಳೆಗಾಲದಲ್ಲಿ ಹಳ್ಳದ ಮರಳನ್ನು ಮರದ ಮರಿಗೆಯಲ್ಲಿ ತೊಳೆದು ಚಿನ್ನದ ಕಣಗಳನ್ನು ಬೇರ್ಪಡಿಸುವುದು ಅವರ ಕಸುಬು. ಚಿನ್ನವು ಬೆಣಚುಕಲ್ಲಿಗಿಂತ ಸುಮಾರು ಏಳು ಪಟ್ಟು ಸಾಂದ್ರವಾದ್ದರಿಂದ ನೀರು ಮರಳನ್ನು ಒಯ್ದರೂ ಕಣಗಳು ತಳದಲ್ಲಿ ಉಳಿಯುತ್ತವೆ.

ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಗುಡ್ಡಗಳ ಚಿನ್ನವನ್ನು ಕುರಿತು 1874ರಲ್ಲಿ ವರದಿ ಪ್ರಕಟಿಸಿದರು. ಮುಂದೆ ಈ ಬಗೆಯ ಪ್ರಾಚೀನ ಶಿಲೆಗಳಿಗೆ ಅವರು 'ಧಾರವಾಡ' ಎಂದೇ ಹೆಸರಿಟ್ಟರು. ಹೀಗೆ ನಮ್ಮ ಊರಿನ ಹೆಸರು ಜಗತ್ತಿನ ಭೂವಿಜ್ಞಾನ ಗ್ರಂಥಗಳನ್ನು ಸೇರಿತು.

ಕೋಲಾರದ ಯಶಸ್ಸು ಕಂಡ ಬ್ರಿಟಿಷ್ ಬಂಡವಾಳಗಾರರು 20ನೆಯ ಶತಮಾನದ ಮೊದಲ ದಶಕದಲ್ಲಿ ಇಲ್ಲಿಯೂ ಗಣಿಬಾವಿಗಳನ್ನು ತೋಡಿಸಿದರು. ಆದರೆ ಎರಡನೆಯ ದಶಕದ ಆರಂಭಕ್ಕೇ ಕೆಲಸ ನಿಂತುಹೋಯಿತು. ಚಿನ್ನವೇ ಮುಗಿಯಿತೆಂದು ಇದರರ್ಥವಲ್ಲ. ಇಲ್ಲಿನ ಅದಿರಿನಲ್ಲಿ ಗಂಧಕ ಮತ್ತು ಆರ್ಸೆನಿಕ್ ಕೂಡಿದ ಖನಿಜಗಳಿವೆ. ಮೇಲ್ಪದರದಲ್ಲಿ ಗಾಳಿ, ನೀರು ತಾಗಿ ಇಂಥ ಖನಿಜಗಳು ಶಿಥಿಲವಾಗಿ, ಚಿನ್ನ ಸಡಿಲಗೊಂಡಿರುತ್ತದೆ. ಆಳಕ್ಕಿಳಿದಂತೆ ಅದು ಖನಿಜದೊಳಗೇ ಸಿಕ್ಕಿಕೊಂಡಿರುತ್ತದೆ. ಬಿಡಿಸುವ ಖರ್ಚು ಏರುತ್ತದೆ. ಖರ್ಚು ಹುಟ್ಟುವಳಿಯನ್ನು ಮೀರಿದರೆ ಯಾವ ಗಣಿಯೂ ಉಳಿಯದು. ಮೂರು ಕಿಲೋಮೀಟರಿಗೂ ಆಳಕ್ಕಿಳಿದಿದ್ದ ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಲು ಇದೇ ಲೆಕ್ಕಾಚಾರ ಕಾರಣ. ಅಲ್ಲಿ ಇಡೀ ಪಟ್ಟಣವೇ ಉದ್ಯೋಗ ಕಳೆದುಕೊಂಡಿತು.

ಗಣಿ ನಿಂತರೂ ಅದರ ರಸಾಯನಕ್ರಿಯೆ ನಿಲ್ಲುವುದಿಲ್ಲ. ಬಯಲಿಗೆ ಬಿದ್ದ ಗಂಧಕಯುಕ್ತ ಅದಿರು ಗಾಳಿ, ನೀರಿನೊಡನೆ ವರ್ತಿಸಿ ಆಮ್ಲವನ್ನು ಉಂಟುಮಾಡಬಲ್ಲದು. ಆರ್ಸೆನಿಕ್ ನೀರಿಗೆ ಸೇರಬಹುದು. ಮುಚ್ಚಿದ ಸುರಂಗದಲ್ಲಿ ಇದೇ ಕ್ರಿಯೆ ಆಮ್ಲಜನಕವನ್ನು ಕಬಳಿಸುತ್ತದೆ. ಅಂಥಲ್ಲಿ ಕಾಲಿಟ್ಟವನಿಗೆ ವಾಸನೆಯ ಸುಳಿವೂ ಇಲ್ಲದೆ ಪ್ರಜ್ಞೆ ತಪ್ಪಬಹುದು. ಆದ್ದರಿಂದ ಹಳೆಯ ಗಣಿಗಳನ್ನು ಹೊರಗಿನಿಂದಲೇ ನೋಡಬೇಕು.

ಕಪ್ಪತಗುಡ್ಡವನ್ನು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಗುಡ್ಡದ ಔಷಧೀಯ ಸಸ್ಯಗಳಿಗೆ ಇದರಿಂದ ರಕ್ಷಣೆ ದೊರೆತಿದೆ. ಹಳೆಯ ಗಣಿಗಳ ಸಮೀಪದ ಬಾವಿಗಳ ನೀರನ್ನು ಆಗಾಗ ಪರೀಕ್ಷಿಸುವುದು, ತೆರೆದ ಗಣಿಬಾಯಿಗಳಿದ್ದರೆ ಬೇಲಿ ಹಾಕುವುದು ಕೂಡ ಅಷ್ಟೇ ಅಗತ್ಯ. ಗಣಿಯ ಲಾಭ ಕೆಲವೇ ವರ್ಷಗಳದು. ಅದನ್ನು ಕಾಯುವ ಹೊಣೆ ತಲೆಮಾರುಗಳದು.